ದ್ರೋಣನಿಗೆ ನಾಲ್ಕೇ ಮಾತೇ?

ಅಕ್ಕನ ಮಗ ಏಕಲವ್ಯನ ಕುರಿತು ನಾಟಕ ಬರೆದಿದ್ದಾನೆ. ಕಳೆದ ವಾರ ಕಳುಹಿಸಿದ್ದ, ಒಂದೇ ಗುಕ್ಕಿಗೆ ಓದಿ ಮುಗಿಸಿದೆ. ಬೆರಳು ಕಳೆದುಕೊಂಡು ಬಂದ ಮಗನಿಗೆ ತಾಯಿ ತುತ್ತು ಕಲಸಿ ಉಣಿಸುವ ದೃಶ್ಯವನ್ನು ಓದುವಾಗ ಕಣ್ಣು ಒದ್ದೆಯಾಯಿತು. ಇಪ್ಪತ್ತೆರಡರ ಹುಡುಗ ಇಷ್ಟು ಬರೆದನಲ್ಲ ಎಂದು ಹೆಮ್ಮೆಯಾಯಿತು. ಆದರೆ ಇಡೀ ನಾಟಕದಲ್ಲಿ ದ್ರೋಣನಿಗಿರುವುದು ನಾಲ್ಕೇ ಮಾತು. ನಾಲ್ಕೂ ಕ್ರೂರ.

ಮಹಾಕಾವ್ಯಗಳನ್ನು ಮುಟ್ಟಬಾರದು ಎನ್ನುವವಳಲ್ಲ ನಾನು. ಕನ್ನಡದ ದೊಡ್ಡ ಕವಿಗಳು ಮುಟ್ಟದೆ ಬಿಟ್ಟದ್ದೇನಿದೆ? ಪಂಪ ದ್ರೌಪದಿಯನ್ನು ಅರ್ಜುನನೊಬ್ಬನಿಗೇ ಮದುವೆ ಮಾಡಿಕೊಟ್ಟ. ಕುವೆಂಪು ಅವರ ರಾಮ ಸೀತೆಯನ್ನು ಒಬ್ಬಳನ್ನೇ ಬೆಂಕಿಗೆ ಕಳುಹಿಸದೆ ತಾನೂ ಅಗ್ನಿಗೆ ಇಳಿದ. ನನ್ನ ತಕರಾರು ಬೇರೆ, ಅದು ನನಗೆ ಬಂದದ್ದು ತಾಳಮದ್ದಳೆಯಿಂದ.

ನಾನು ಬೆಳೆದದ್ದು ದಕ್ಷಿಣ ಕನ್ನಡದಲ್ಲಿ. ಮೇ ಕೊನೆಯ ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದವೆಂದರೆ ಮಳೆಗಾಲವಿಡೀ ತಾಳಮದ್ದಳೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹೇಳುತ್ತಾರೆ, ಶಾಲು ಹೊದ್ದು ಕುಳಿತ ಅರ್ಥಧಾರಿಗಳು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಅರ್ಥ ಹೇಳುತ್ತಾರೆ. ಬರೆದಿಟ್ಟದ್ದು ಪದ್ಯ ಮಾತ್ರ, ಮಾತೆಲ್ಲ ಅಲ್ಲಿಯೇ ಹುಟ್ಟಬೇಕು.

ವಾಲಿಯ ಪ್ರಸಂಗವನ್ನೇ ತೆಗೆದುಕೊಳ್ಳಿ. ಬಾಣ ನಾಟಿ ಬಿದ್ದವನು ರಾಮನನ್ನು ಕೇಳುತ್ತಾನೆ: ನಾನು ನಿನಗೇನು ಮಾಡಿದ್ದೆ, ಮರೆಯಲ್ಲಿ ನಿಂತು ಏಕೆ ಹೊಡೆದೆ? ತಮ್ಮನ ಹೆಂಡತಿಯನ್ನು ಇಟ್ಟುಕೊಂಡವನಿಗೆ ಇದೇ ದಂಡ, ಅಲ್ಲದೆ ಮೃಗವನ್ನು ಮರೆಯಿಂದ ಹೊಡೆದರೆ ದೋಷವಿಲ್ಲ ಎನ್ನುತ್ತಾನೆ ರಾಮ. ವಾಲಿ ಬಿಡುತ್ತಾನೆಯೇ? ನಾನು ಮೃಗವಾದರೆ ನಿಮ್ಮ ಮನುಷ್ಯಧರ್ಮ ನನಗೇಕೆ ಅನ್ವಯಿಸಬೇಕು? ಅನ್ವಯಿಸುವುದಾದರೆ ಮರೆಯೇಕೆ ಬೇಕಾಯಿತು? ಹೆಸರಾಂತ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಿದವರಿಗೆ ಆ ಮಾತಿನ ಬಿಸಿ ಗೊತ್ತು. ವಾಲಿ ಸಾಯುತ್ತಾನೆ ಎಂಬುದು ಸಭೆಯಲ್ಲಿರುವ ಮಗುವಿಗೂ ತಿಳಿದಿದೆ, ಆದರೂ ಯಾರೂ ಎದ್ದು ಹೋಗುವುದಿಲ್ಲ. ಎದುರು ಕುಳಿತ ರಾಮ ಇದಕ್ಕೆ ಏನು ಹೇಳುತ್ತಾನೆ ಎಂದು ಕಾಯುತ್ತಾರೆ. ರಾಮನ ಅರ್ಥ ಸಪ್ಪೆಯಾದ ದಿನ ವಾಲಿಯ ಅರ್ಥವೂ ಏರುವುದಿಲ್ಲ. ಇದನ್ನು ನಾನು ಎಷ್ಟೋ ಸಲ ಕಣ್ಣಾರೆ ಕಂಡಿದ್ದೇನೆ.

ಕೋಣೆಯಲ್ಲಿ ಒಬ್ಬರೇ ಕುಳಿತು ಬರೆಯುವವರಿಗೆ ಈ ಎದುರಾಳಿ ಇರುವುದಿಲ್ಲ. ಈಚೆಗೆ ಓದುತ್ತಿರುವ ಎಷ್ಟೋ ಮರುಕಥನಗಳಲ್ಲಿ ಬರಹಗಾರರು ಮೆಚ್ಚಿದ ಪಾತ್ರಕ್ಕೆ ಮಾತೆಲ್ಲ ಸಿಗುತ್ತದೆ, ಉಳಿದವರು ಬೈಸಿಕೊಳ್ಳಲು ನಿಂತಿರುತ್ತಾರೆ. ಪಂಪ ಹಾಗೆ ಮಾಡಲಿಲ್ಲ. ಅವನ ಅರ್ಜುನನೆಂದರೆ ಅವನ ದೊರೆ ಅರಿಕೇಸರಿಯೇ. ಅಂಥ ಕಾವ್ಯದಲ್ಲಿ ಕರ್ಣ ಬಿದ್ದಾಗ ಅವನು ಬರೆದದ್ದೇನು? ‘ನೆನೆಯದಿರಣ್ಣ ಭಾರತದೊಳಿನ್ ಪೆರರಾರುಮನ್.’ ಭಾರತದಲ್ಲಿ ಬೇರೆ ಯಾರನ್ನೂ ನೆನೆಯಬೇಡ, ನೆನೆಯುವುದಾದರೆ ಕರ್ಣನನ್ನು ನೆನೆ. ಆಸ್ಥಾನದಲ್ಲಿ ದೊರೆಯ ಎದುರಿಗೇ ಇದನ್ನು ಓದಿರಬಹುದು ಎಂದುಕೊಂಡರೆ ಇಂದಿಗೂ ಮೈ ಜುಮ್ಮೆನ್ನುತ್ತದೆ.

ದ್ರೋಣನಿಗೇನು ಹೇಳುವುದಕ್ಕೆ ಇಲ್ಲವೇ? ಮಗ ಅಶ್ವತ್ಥಾಮ ಹಿಟ್ಟು ಕಲಸಿದ ನೀರನ್ನೇ ಹಾಲೆಂದು ಕುಡಿದು ಕುಣಿದಾಡಿದ್ದನ್ನು ನೋಡಿದ ತಂದೆ ಅವನು. ಬಾಲ್ಯದ ಗೆಳೆಯ ದ್ರುಪದ, ಬಡವನಿಗೂ ರಾಜನಿಗೂ ಎಲ್ಲಿಯ ಸ್ನೇಹ ಎಂದು ಹೊರಟುಹೋಗುವಂತೆ ಮಾಡಿದ. ಆಮೇಲೆ ಹಸ್ತಿನಾವತಿಯ ಅನ್ನ. ನಿನ್ನನ್ನು ಮೀರಿಸುವ ಬಿಲ್ಲುಗಾರ ಇರುವುದಿಲ್ಲ ಎಂದು ಅರ್ಜುನನಿಗೆ ಕೊಟ್ಟ ಮಾತು ಬೇರೆ. ಇಷ್ಟನ್ನೂ ಹೊತ್ತವನು ತನ್ನ ಮಣ್ಣಿನ ಮೂರ್ತಿಯ ಮುಂದೆ ನಿಂತ ಆ ಬೇಡರ ಹುಡುಗನನ್ನು ನೋಡುತ್ತಾನೆ. ತಾನು ಕಲಿಸಿದವರಲ್ಲಿ ಇಂಥವನೊಬ್ಬನೂ ಇಲ್ಲ ಎಂದು ಅವನಿಗೆ ತಿಳಿದಿದೆ. ತಿಳಿದೂ ಬೆರಳು ಕೇಳುತ್ತಾನೆ. ಇದರಿಂದ ಅವನ ತಪ್ಪು ಕರಗುವುದಿಲ್ಲ, ನನ್ನ ಮಟ್ಟಿಗೆ ಇನ್ನೂ ಭೀಕರವಾಗುತ್ತದೆ. ವ್ಯಾಸರ ಏಕಲವ್ಯ ಮುಖ ಬಾಡಿಸದೆ ಬೆರಳು ಕೊಡುತ್ತಾನೆ. ಆ ಮುಖವನ್ನು ದ್ರೋಣ ಹೇಗೆ ನೋಡಿದ? ಅಕ್ಕನ ಮಗನ ನಾಟಕದಲ್ಲಿ ನಾನು ಹುಡುಕಿದ್ದು ಇದನ್ನೇ.

ಫೋನಿನಲ್ಲಿ ಇಷ್ಟನ್ನೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಚಿಕ್ಕಮ್ಮ, ಭಾನುವಾರ ಬರಲೇ?" ಎಂದ.

ಬಾ ಎಂದಿದ್ದೇನೆ. ಏಕಲವ್ಯನ ಮಾತನ್ನು ಅವನು ಓದಲಿ. ದ್ರೋಣನಾಗಿ ನಾನು ಎದುರು ಕೂರುತ್ತೇನೆ.