ಅರಿಮಾ ಬೇಗ ಸರಿಹೋಗಬೇಕಿತ್ತು ಅನ್ನುವವರಿಗೆ

"ಮೊದಲ ಏಳು ಸಂಪುಟ ಓದಿ, ಆಮೇಲೆ ಬಿಟ್ಟುಬಿಡಿ. ಮುಂದೆ ಬರೀ ಗೋಳು." ನಿನ್ನೆ ರಾತ್ರಿ ಒಂದು ವಿಡಿಯೋದಲ್ಲಿ 'ಕರೆಶಿ ಕನೊಜೊ ನೊ ಜಿಜೊ' ಅನ್ನುವ ಮಾಂಗಾ (ಜಪಾನಿ ಚಿತ್ರಕಥೆ) ಬಗ್ಗೆ ಹೀಗೆ ಹೇಳುತ್ತಿದ್ದರು. ಕೆಳಗೆ ಸಾಲುಸಾಲು ಜನ ಹೌದು ಹೌದು ಅಂದಿದ್ದಾರೆ. ನನಗೆ ಸಿಟ್ಟು ನೆತ್ತಿಗೇರಿತು. ದಸರಾ ರಜೆಯಲ್ಲಿ ಇಪ್ಪತ್ತೊಂದೂ ಸಂಪುಟ ಮತ್ತೆ ಓದಿದ್ದೇನೆ, ಅದರ ಗುಂಗು ಇನ್ನೂ ಇಳಿದಿಲ್ಲ. ಹಾಗಾಗಿ ಈ ಬರಹ ಉದ್ದವಾಗುತ್ತದೆ.

ಗೊತ್ತಿಲ್ಲದವರಿಗೆ ಕಥೆ ಇಷ್ಟು. ಮಸಾಮಿ ತ್ಸುದಾ ಬರೆದದ್ದು. 'ಲಾಲಾ' ಅನ್ನುವ ಪತ್ರಿಕೆಯಲ್ಲಿ ತೊಂಬತ್ತರ ದಶಕದ ಮಧ್ಯದಲ್ಲಿ ಶುರುವಾಗಿ 2005ರಲ್ಲಿ ಮುಗಿಯಿತು. ಮಿಯಾಜಾವಾ ಯುಕಿನೊ ಹೈಸ್ಕೂಲಿನ ಮೊದಲ ವರ್ಷದ ಹುಡುಗಿ. ಶಾಲೆಯಲ್ಲಿ ಅವಳು ಎಲ್ಲರ ಕಣ್ಮಣಿ. ಓದು, ಆಟ, ಮಾತು, ನಡತೆ, ಯಾವುದರಲ್ಲೂ ಬೆರಳಿಟ್ಟು ತೋರಿಸುವಂತಿಲ್ಲ. ಮನೆಗೆ ಬಂದರೆ ಹಳೇ ಟ್ರ್ಯಾಕ್‌ಸೂಟ್, ದಪ್ಪ ಕನ್ನಡಕ, ಕೆದರಿದ ಕೂದಲು, ಹೊತ್ತುಗೊತ್ತಿಲ್ಲದ ಓದು. ಎಲ್ಲವೂ ಹೊಗಳಿಕೆಗಾಗಿ. ಜನ ಹೊಗಳದಿದ್ದರೆ ಅವಳಿಗೆ ಊಟ ಸೇರುವುದಿಲ್ಲ. ಅಂಥವಳಿಗಿಂತ ಮುಂದೆ ಒಬ್ಬ ಬರುತ್ತಾನೆ, ಅರಿಮಾ ಸೊಇಚಿರೊ. ಅವನು ಯಾವ ಪ್ರಯತ್ನವೂ ಇಲ್ಲದೆ ಒಳ್ಳೆಯವನು ಅಂತ ಅವಳಿಗೆ ಉರಿ. ಒಂದು ದಿನ ಅವನು ಸಿ.ಡಿ. ಕೊಡಲು ಅವಳ ಮನೆಗೆ ಬರುತ್ತಾನೆ. ಬಾಗಿಲಲ್ಲಿ ಇರುವುದು ಮನೆಯವರೇ ಅಂದುಕೊಂಡು ಇವಳು ಹಾರಿ ಒದೆಯುತ್ತಾಳೆ. ಗುಟ್ಟು ರಟ್ಟಾಗುತ್ತದೆ.

ಇಲ್ಲಿಯವರೆಗೆ ಎಲ್ಲರಿಗೂ ಇಷ್ಟ. ಆದರೆ ಮುಂದೇನಾಗುತ್ತದೆ ಅನ್ನುವುದನ್ನು ಜನ ಮರೆತೇಬಿಡುತ್ತಾರೆ. ಆ ಗುಟ್ಟನ್ನು ಹಿಡಿದುಕೊಂಡು ಅರಿಮಾ ಅವಳನ್ನು ಹೆದರಿಸುತ್ತಾನೆ, ತನ್ನ ಕೆಲಸವನ್ನೆಲ್ಲ ಅವಳ ಕೈಯಲ್ಲಿ ಮಾಡಿಸುತ್ತಾನೆ. ನಗುನಗುತ್ತಲೇ ಮಾಡಿಸುತ್ತಾನೆ. ಕಾರಣ ಆಮೇಲೆ ಗೊತ್ತಾಗುತ್ತದೆ. ಅವಳ ಜೊತೆ ಇರಲು ಅವನಿಗೆ ಬೇರೆ ದಾರಿ ಗೊತ್ತಿರಲಿಲ್ಲ. ಕೇಳಿದರೆ ಸಿಗುತ್ತದೆ ಅನ್ನುವ ನಂಬಿಕೆಯೇ ಆ ಹುಡುಗನಿಗೆ ಇಲ್ಲ. ಇದು ಮೊದಲ ಸಂಪುಟದಲ್ಲೇ ಇದೆ. ಹಾಗಿದ್ದ ಮೇಲೆ "ಎಂಟನೇ ಸಂಪುಟದಿಂದ ಕತ್ತಲಾಯಿತು" ಅನ್ನುವುದು ಯಾವ ಲೆಕ್ಕ? ಕತ್ತಲು ಮೊದಲಿಂದಲೂ ಇತ್ತು. ತಮಾಷೆಯ ಚಿತ್ರಗಳ ನಡುವೆ ನಮಗೆ ಕಾಣಲಿಲ್ಲ, ಅಷ್ಟೇ.

ನನ್ನ ತಕರಾರು ಇದೇ. ಇಬ್ಬರದೂ ಒಂದೇ ದೋಷ ಅಂತ ಓದುಗರು ಅಂದುಕೊಳ್ಳುತ್ತಾರೆ. ಇಬ್ಬರೂ ಮುಖವಾಡ ಹಾಕಿಕೊಂಡಿದ್ದರು, ಪ್ರೀತಿಯಾಯಿತು, ಇಬ್ಬರೂ ತೆಗೆದಿಟ್ಟರು, ಶುಭಂ. ಹಾಗಲ್ಲ! ಯುಕಿನೊ ಮುಖವಾಡ ತೆಗೆದರೆ ಕಳೆದುಕೊಳ್ಳುವುದು ಒಂದಿಷ್ಟು ಚಪ್ಪಾಳೆ. ಕಳೆದುಕೊಳ್ಳುತ್ತಾಳೆ ಕೂಡ. ಇಜಾವಾ ಮಾಹೊ ಅನ್ನುವ ಹುಡುಗಿ ಇಡೀ ತರಗತಿಯನ್ನೇ ಅವಳ ಮೇಲೆ ಎತ್ತಿಕಟ್ಟುತ್ತಾಳೆ, ಯಾರೂ ಮಾತಾಡಿಸುವುದಿಲ್ಲ. ಆದರೆ ಸಂಜೆ ಮನೆಗೆ ಹೋದರೆ ಅಪ್ಪ ಇದ್ದಾನೆ, ಅಮ್ಮ ಇದ್ದಾಳೆ, ಕಾಲೆಳೆಯಲು ಇಬ್ಬರು ತಂಗಿಯರಿದ್ದಾರೆ. ಅವಳು ಹೇಗಿದ್ದರೂ ಆ ಮನೆಯಲ್ಲಿ ಅವಳ ಜಾಗ ಎಲ್ಲೂ ಹೋಗುವುದಿಲ್ಲ.

ಅರಿಮಾನಿಗೆ ಏನಿದೆ? ಹೆತ್ತ ತಾಯಿ ಹೊಡೆದು ಬಡಿದು ಬಿಟ್ಟುಹೋದವಳು. ತಂದೆ ರೇಜಿ ಮಗನನ್ನು ಅಣ್ಣನ ಮನೆಯಲ್ಲಿ ಬಿಟ್ಟು ಕಾಣೆಯಾದವನು. ದೊಡ್ಡಪ್ಪ, ದೊಡ್ಡಮ್ಮ ಹೊಟ್ಟೆಯಲ್ಲಿಟ್ಟುಕೊಂಡು ಸಾಕಿದ್ದಾರೆ ನಿಜ. ಆದರೆ ನೆಂಟರೆಲ್ಲ ಸೇರಿದಾಗ "ಆ ರಕ್ತ ಎಲ್ಲಿ ಹೋಗುತ್ತೆ" ಅನ್ನುವ ನೋಟ. ಆ ನೋಟಕ್ಕೆ ಉತ್ತರವಾಗಿ ಅವನು ಒಳ್ಳೆಯವನಾಗಿರುವುದು. ಅವನ ಒಳ್ಳೆಯತನ ಆ ಮನೆಗೆ ಕಟ್ಟುವ ಬಾಡಿಗೆ. ತಪ್ಪಿದರೆ ಹೊರಗೆ ಹಾಕುತ್ತಾರೆ ಅನ್ನುವ ಭಯ ಅವನಿಗೆ. ಯಾರೂ ಹಾಕುವುದಿಲ್ಲ ಅಂತ ನಮಗೆ ಗೊತ್ತು, ಅವನಿಗೆ ಗೊತ್ತಿಲ್ಲ.

ಅದಕ್ಕೇ ಪ್ರೀತಿಯಾದ ಮೇಲೆ ಯುಕಿನೊ ಅರಳುತ್ತಾಳೆ, ಅರಿಮಾ ಇನ್ನೂ ಕೆಡುತ್ತಾನೆ. ಈ ಮಾಂಗಾದ ಜೀವವೇ ಇದು. ಅವಳಿಗೆ ಗೆಳತಿಯರಾಗುತ್ತಾರೆ, ಹಗೆ ಸಾಧಿಸಿದ ಆ ಮಾಹೊ ಕೂಡ ಹತ್ತಿರವಾಗುತ್ತಾಳೆ. ಅವಳ ಪ್ರಪಂಚ ದೊಡ್ಡದಾದಷ್ಟೂ ಇವನ ಎದೆ ಕುಗ್ಗುತ್ತದೆ. ಮೊದಲು ಇವನ ಹತ್ತಿರ ಕಳೆದುಕೊಳ್ಳಲು ಏನೂ ಇರಲಿಲ್ಲ, ಈಗ ಇದೆ. ಆ ಭಯ ಹೊಟ್ಟೆಕಿಚ್ಚಾಗುತ್ತದೆ, ಹೊಟ್ಟೆಕಿಚ್ಚು ಅವಳನ್ನು ಕೂಡಿಹಾಕಬೇಕು ಅನ್ನುವ ಯೋಚನೆಯಾಗುತ್ತದೆ. ಅದನ್ನೂ ಮುಚ್ಚಿಡಲು ಇನ್ನೊಂದು ಮುಖವಾಡ ಬರುತ್ತದೆ, ಈ ಸಲ ಅವಳ ಮುಂದೆಯೇ. ಓದುವಾಗ ಉಸಿರು ಕಟ್ಟುತ್ತದೆ. ಕಟ್ಟಲೇಬೇಕು. ಹುಡುಗಿ ಕೈಹಿಡಿದ ಕೂಡಲೇ ಹುಡುಗನ ಬಾಲ್ಯವೆಲ್ಲ ವಾಸಿಯಾಗುವ ಕಥೆಗಳು ಬೇಕಾದಷ್ಟಿವೆ. ತ್ಸುದಾ ಅಂಥದ್ದನ್ನು ಬರೆಯಲು ಒಪ್ಪಲಿಲ್ಲ. ಅದಕ್ಕೆ ಅವರ ಮೇಲೆ ಮುನಿಸಿಕೊಳ್ಳುವುದು ಅನ್ಯಾಯ.

ನಾನು ಪಿಯು ಮಕ್ಕಳಿಗೆ ಪಾಠ ಮಾಡುವವಳು ಅಂತ ಇಲ್ಲಿರುವವರಿಗೆಲ್ಲ ಗೊತ್ತು. ನಮ್ಮಲ್ಲಿ ಸ್ಟಾಫ್‌ರೂಮಿನ ಮಾತೆಲ್ಲ ತರಲೆ ಮಕ್ಕಳ ಬಗ್ಗೆ. ತೊಂಬತ್ತೆಂಟು ಪರ್ಸೆಂಟ್ ತೆಗೆಯುವ, ತಲೆ ಎತ್ತಿ ಮಾತಾಡದ ಹುಡುಗನ ಹೆಸರು ಬಂದರೆ "ಅವನ ಬಗ್ಗೆ ಚಿಂತೆಯೇ ಇಲ್ಲ ಬಿಡಿ" ಅಂದು ಮುಂದಿನ ಹೆಸರಿಗೆ ಹೋಗುತ್ತೇವೆ. ಅರಿಮಾನನ್ನು ಓದುವಾಗ ನನಗೆ ಆ ಮಾತು ಚುಚ್ಚುತ್ತದೆ. ಚಿಂತೆಯೇ ಇಲ್ಲದ ಮಕ್ಕಳು ಪ್ರತಿ ವರ್ಷ ನನ್ನ ಮುಂದೆ ಕೂತಿರುತ್ತಾರೆ. ಅವರಲ್ಲಿ ಯಾರು ಯುಕಿನೊ, ಯಾರು ಅರಿಮಾ ಅಂತ ಮಾರ್ಕ್ಸ್ ಕಾರ್ಡ್ ನೋಡಿ ಹೇಳಲಾಗುವುದಿಲ್ಲ.

ಅದಕ್ಕೇ ನನಗೆ ತುಂಬಾ ಇಷ್ಟವಾದದ್ದು ಅಪ್ಪ ಅಮ್ಮಂದಿರನ್ನು ಶಾಲೆಗೆ ಕರೆಸುವ ಪ್ರಸಂಗ. ಪ್ರೀತಿ ಶುರುವಾದ ಮೇಲೆ ಇಬ್ಬರ ಸ್ಥಾನವೂ ಪರೀಕ್ಷೆಯಲ್ಲಿ ಇಳಿಯುತ್ತದೆ. ಕವಾಶಿಮಾ ಮೇಷ್ಟ್ರಿಗೆ ಸಹಿಸಲಾಗುವುದಿಲ್ಲ. ದೊಡ್ಡವರನ್ನು ಕೂರಿಸಿ, ಇವರನ್ನು ಬೇರೆ ಮಾಡಿ ಅನ್ನುವ ಧಾಟಿಯಲ್ಲಿ ಮಾತಾಡುತ್ತಾರೆ. ಎರಡೂ ಮನೆಯ ದೊಡ್ಡವರು ಮಕ್ಕಳ ಪರ ನಿಲ್ಲುತ್ತಾರೆ. ನಾನು ಆ ಮೇಜಿನ ಮೇಷ್ಟ್ರ ಕಡೆ ಕೂರುವವಳು. ಆ ಪುಟಗಳನ್ನು ಮತ್ತೆ ಮತ್ತೆ ತಿರುಗಿಸಿದೆ. ಇಂಥ ದೊಡ್ಡಪ್ಪ ಜೊತೆಗಿದ್ದೂ ಅರಿಮಾನಿಗೆ ಧೈರ್ಯ ಬರುವುದಿಲ್ಲ ನೋಡಿ. ಪ್ರೀತಿ ಎದುರಿಗೇ ಇದ್ದರೂ ಅದನ್ನು ನಂಬುವ ಶಕ್ತಿ ಬೇರೆಯೇ ಬೇಕು. ಅದಕ್ಕೆ ಏಳು ಸಂಪುಟ ಸಾಲುವುದಿಲ್ಲ.

ಜನ ಹೀಗೆ ತಪ್ಪಾಗಿ ಓದುವುದರಲ್ಲಿ ಇದರ ಅನಿಮೆಯದೂ (ಟಿವಿ ಕಾರ್ಟೂನ್ ರೂಪ) ಪಾಲಿದೆ. 1998ರಲ್ಲಿ ಗೈನಾಕ್ಸ್ ಸ್ಟುಡಿಯೋ ಮಾಡಿದ್ದು, ನಿರ್ದೇಶಕ ಹಿದೆಯಾಕಿ ಅನ್ನೊ ಕೈ ಇರುವುದು. ನೋಡಲು ಚೆಂದ, ಅದರಲ್ಲಿ ಎರಡು ಮಾತಿಲ್ಲ. ಆದರೆ 26 ಕಂತಿಗೆ ನಿಂತಿತು. ಆಗ ಮಾಂಗಾ ಇನ್ನೂ ನಡೆಯುತ್ತಲೇ ಇತ್ತು. ಅರಿಮಾನ ತಾಯಿ ತಿರುಗಿ ಬರುವುದು, ಅವನು ಅದನ್ನು ಯುಕಿನೊಗೆ ಹೇಳದೆ ಒಳಗೊಳಗೇ ಕುಸಿಯುವುದು, ಅಪ್ಪ ರೇಜಿ ಜಾಝ್ ಪಿಯಾನೊ ನುಡಿಸುವವನಾಗಿ ಕಾಣಿಸಿಕೊಳ್ಳುವುದು, ಯಾವುದೂ ಅದರಲ್ಲಿಲ್ಲ. ಅದನ್ನಷ್ಟೇ ನೋಡಿದವರಿಗೆ ಅರಿಮಾ ಅಂದರೆ ಒಬ್ಬ ಸಂಕೋಚದ ಹುಡುಗ. ಆಮೇಲೆ ಪುಸ್ತಕದಲ್ಲಿ ಪೂರ್ತಿ ಅರಿಮಾ ಸಿಕ್ಕಿದರೆ "ಪಾತ್ರ ಹಾಳು ಮಾಡಿದರು" ಅನ್ನುತ್ತಾರೆ. ಹಾಳಾಗಿದ್ದನ್ನು ತೋರಿಸಿದರು ಮಾರಾಯ್ರೇ!

ಇನ್ನು ಕೆಲವರು ಹೇಳುವುದು, ಅಕ್ಕಪಕ್ಕದ ಪಾತ್ರಗಳ ಕಥೆ ಜಾಸ್ತಿಯಾಯಿತು ಅಂತ. ನನಗೆ ಹಾಗನ್ನಿಸಿಲ್ಲ. ತೊನಾಮಿ ಅನ್ನುವ ಹುಡುಗನನ್ನೇ ನೋಡಿ. ಚಿಕ್ಕವನಿದ್ದಾಗ ದಪ್ಪಗಿದ್ದ, ಎಲ್ಲರೂ ಕಾಡುತ್ತಿದ್ದರು. ಯುಕಿನೊಳ ಗೆಳತಿ ತ್ಸುಬಾಕಿ ಅವನನ್ನು ಎಳೆದುಕೊಂಡು ಹೋಗಿ ಕಾಪಾಡುತ್ತಿದ್ದಳು. ಅವನು ತೆಳ್ಳಗಾಗಿ, ಚೆಂದವಾಗಿ ತಿರುಗಿ ಬರುವುದು ಯಾಕೆ ಗೊತ್ತಾ? ಕಾಪಾಡಿದವಳ ಮೇಲೆ ಸೇಡು ತೀರಿಸಿಕೊಳ್ಳಲು. ಉಪಕಾರ ಮಾಡಿದವರ ಮೇಲೆ ಹುಟ್ಟುವ ಸಿಟ್ಟನ್ನು ಇಷ್ಟು ಸರಿಯಾಗಿ ಬರೆದವರು ಕಡಿಮೆ. ಅದನ್ನು ಪುಟ ತುಂಬಿಸುವ ಕಥೆ ಅನ್ನುವುದಾದರೆ ನನ್ನ ಬಳಿ ಉತ್ತರವಿಲ್ಲ.

ಕೊನೆಯ ಭಾಗದ ಬಗ್ಗೆ ಒಂದು ದೂರು ಮಾತ್ರ ನ್ಯಾಯವಾದದ್ದು. ಹದಿನಾರು ವರ್ಷದ ನಂತರದ ಕಥೆಯಲ್ಲಿ ಯುಕಿನೊ ಡಾಕ್ಟರ್, ಅರಿಮಾ ಪೊಲೀಸ್. ಅಲ್ಲಿಯವರೆಗೆ ಸರಿ. ಆದರೆ ಅವರ ಮಗಳು ಸಕುರಾಳನ್ನು, ಅರಿಮಾನ ಗೆಳೆಯ ಅಸಾಬಾನ ಜೊತೆ ಸೇರಿಸುವುದಿದೆಯಲ್ಲ, ಅದು ನನಗೆ ಆಗಲೂ ಹಿಡಿಸಲಿಲ್ಲ, ಈಗಲೂ ಹಿಡಿಸುವುದಿಲ್ಲ. ತೊಟ್ಟಿಲಿಂದ ನೋಡಿದ ಮಗು ಅದು. ತ್ಸುದಾ ಬರೆಯಬಾರದಿತ್ತು. ಆದರೆ ಕೊನೆಯ ಕೆಲವು ಪುಟ ಕೆಟ್ಟಿತು ಅಂತ ಎಂಟರಿಂದ ಇಪ್ಪತ್ತೊಂದರವರೆಗೆ ಎಲ್ಲವನ್ನೂ ಕಿತ್ತೆಸೆಯಿರಿ ಅಂದರೆ ಒಪ್ಪಲಾರೆ. ರೇಜಿ ಬರುವ ಭಾಗ ಬಿಟ್ಟರೆ ಅರಿಮಾನೇ ಅರ್ಥವಾಗುವುದಿಲ್ಲ. ಅಪ್ಪನೂ ಚಿಕ್ಕಂದಿನಲ್ಲಿ ಪೆಟ್ಟು ತಿಂದವನೇ. ಮಗನನ್ನು ಅಣ್ಣನ ಕೈಗೆ ಕೊಟ್ಟದ್ದರಲ್ಲಿ ಅವನಿಗೆ ಗೊತ್ತಿದ್ದ ಪ್ರೀತಿಯೂ ಇತ್ತು ಅಂತ ಅಲ್ಲಿ ತಿಳಿಯುತ್ತದೆ.

ಟೋಕ್ಯೋಪಾಪ್ ಪ್ರಕಾಶನ ತಂದಿದ್ದ ಇಂಗ್ಲಿಷ್ ಪ್ರತಿಗಳು ಈಗ ಅಂಗಡಿಯಲ್ಲಿ ಸಿಗುವುದು ಕಷ್ಟ. ಹತ್ತಿರದಲ್ಲಿ ಇರುವವರು ಮೆಸೇಜ್ ಮಾಡಿ, ನನ್ನವನ್ನು ಕೊಡುತ್ತೇನೆ. ತಾಯಿ ಬರುವ ಭಾಗ ಓದುವ ದಿನ ಮನೆಯಲ್ಲಿ ಒಬ್ಬರೇ ಇರಬೇಡಿ.