ಫೈರ್‌ವಾಲ್ ಉಂಟು ಸರ್, ಆಫ್ ಮಾಡಿ ಇಟ್ಟಿದ್ದೇವೆ

ಫೈರ್‌ವಾಲ್ ಅಂದರೆ ಕಂಪ್ಯೂಟರಿನ ಬಾಗಿಲಲ್ಲಿ ನಿಂತು, ನೆಟ್‌ವರ್ಕಿನಿಂದ ಯಾರನ್ನು ಒಳಗೆ ಬಿಡಬೇಕು ಅಂತ ನೋಡುವ ಕಾವಲುಗಾರ. ನಮ್ಮೂರಿನ ಕಚೇರಿಗಳಲ್ಲಿ ಅದು ನೆನಪಾಗುವುದು ಪ್ರಿಂಟರ್ ಕೈಕೊಟ್ಟಾಗ ಮಾತ್ರ. ಪ್ರಿಂಟ್ ಬರಲಿಲ್ಲವೋ, ಫೈರ್‌ವಾಲ್ ಆಫ್. ಪಕ್ಕದ ಮೇಜಿನ ಕಂಪ್ಯೂಟರಿನಲ್ಲಿರುವ ಟ್ಯಾಲಿ ಈ ಮೇಜಿನಲ್ಲಿ ತೆರೆಯಲಿಲ್ಲವೋ, ಫೈರ್‌ವಾಲ್ ಆಫ್. ಝೆರಾಕ್ಸ್ ಮೆಷಿನ್‌ನಲ್ಲಿ ಸ್ಕ್ಯಾನ್ ಮಾಡಿದ್ದು ಫೋಲ್ಡರಿಗೆ ಬಂದು ಬೀಳಲಿಲ್ಲವೋ, ಆಗಲೂ ಅದೇ ಮದ್ದು. ಮೌಸ್ ಕೆಟ್ಟರೂ ಒಮ್ಮೆ ಫೈರ್‌ವಾಲ್ ತೆಗೆದು ನೋಡುವ ಜನ ಇದ್ದಾರೆ. ತೆಗೆದದ್ದನ್ನು ವಾಪಸ್ ಹಾಕಿದವರನ್ನು ಮಾತ್ರ ಈವರೆಗೆ ಕಂಡಿಲ್ಲ.

2003ರಲ್ಲಿ ಬ್ಲಾಸ್ಟರ್ ಎಂಬ, ಕಂಪ್ಯೂಟರಿನಿಂದ ಕಂಪ್ಯೂಟರಿಗೆ ತಾನೇ ಹಬ್ಬುವ ಹುಳ ಬಂದು ಊರೂರಿನ ಕಂಪ್ಯೂಟರ್‌ಗಳನ್ನು ಕೂತಲ್ಲೇ ರೀಸ್ಟಾರ್ಟ್ ಮಾಡಿಸಿತ್ತು. ಮರುವರ್ಷ, 2004ರ ಆಗಸ್ಟ್‌ನಲ್ಲಿ, ವಿಂಡೋಸ್ ಎಕ್ಸ್‌ಪಿಗೆ ಎರಡನೇ ಸರ್ವಿಸ್ ಪ್ಯಾಕ್ ಬಂತು. ಅಲ್ಲಿಂದ ಮೈಕ್ರೋಸಾಫ್ಟ್‌ನವರು ಫೈರ್‌ವಾಲನ್ನು ಆನ್ ಮಾಡಿಯೇ ಕಳಿಸತೊಡಗಿದರು. ಅವರು 20 ವರ್ಷದಿಂದ ಆನ್ ಮಾಡಿ ಕಳಿಸುತ್ತಿದ್ದಾರೆ. ನಾವು 20 ವರ್ಷದಿಂದ ಆಫ್ ಮಾಡಿ ಬಳಸುತ್ತಿದ್ದೇವೆ. ಇಬ್ಬರಿಗೂ ಸುಸ್ತಾಗಿಲ್ಲ.

ಮಂಗಳೂರಿನ ಹಂಪನಕಟ್ಟೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಒಂದು ಕಚೇರಿ ಉಂಟು. ಹೆಸರು ಬೇಡ. ಹೇಳಿದರೆ ‘ನಮ್ಮದನ್ನು ಯಾಕೆ ಬಿಟ್ರಿ’ ಅಂತ ಉಳಿದ ಕಚೇರಿಗಳವರಿಗೆ ಬೇಸರ ಆದೀತು. ಅಲ್ಲಿಗೆ ತಪಾಸಣೆಯವರು ಬಂದರು. ಗೋಳಿಬಜೆ, ಚಹಾ ಆಯಿತು. ಹೋಗುವಾಗ ಒಂದು ಸಾಲು ಬರೆದು ಹೋದರು: ‘ಎಲ್ಲ ಗಣಕಯಂತ್ರಗಳ ಫೈರ್‌ವಾಲ್ ವ್ಯವಸ್ಥೆಯನ್ನು ಒಂದೇ ಕಡೆಯಿಂದ ನಿರ್ವಹಿಸತಕ್ಕದ್ದು.’

ಮರುದಿನವೇ ಸುತ್ತೋಲೆ ಹೊರಟಿತು. ಅದರ ಜೊತೆಗೆ ಒಂದು ಫಾರ್ಮ್. ಕ್ರಮಸಂಖ್ಯೆ, ಸಿಬ್ಬಂದಿಯ ಹೆಸರು, ಫೈರ್‌ವಾಲ್ ಇದೆಯೇ ಇಲ್ಲವೇ, ಸಹಿ. ಅಟೆಂಡರ್ ಅದನ್ನು ಹಿಡಿದುಕೊಂಡು ಮೇಜಿಂದ ಮೇಜಿಗೆ ಹೋದರು. ಎಲ್ಲರೂ ‘ಇದೆ’ ಎಂದು ಬರೆದು ಸಹಿ ಹಾಕಿದರು. ಟಪಾಲು ವಿಭಾಗದ ಮೇಡಂ ಒಬ್ಬರು ಮಾತ್ರ ‘ಇದೆ, ಆದರೆ ಬಳಸುತ್ತಿಲ್ಲ’ ಎಂದು ಬರೆದರು. ಅವರಿಗೆ ಮೇಲಿನಿಂದ ಕರೆ ಬಂತು. ‘ಮೇಡಂ, ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಿ.’ ರೆಕಾರ್ಡ್ ರೂಮಿನ ಕಂಪ್ಯೂಟರಿಗೆ ಜನ ಇಲ್ಲ. ಅದರ ಪರವಾಗಿ ಅಟೆಂಡರೇ ಸಹಿ ಹಾಕಿದರು. ಸಹಿಗಳೆಲ್ಲ ಒಂದೇ ಫೈಲಿಗೆ ಸೇರಿದವು. ಫೈಲ್ ಒಂದೇ ಕಪಾಟಿಗೆ ಹೋಯಿತು. ಕಪಾಟಿನ ಕೀ ಒಬ್ಬರೇ ಒಬ್ಬರ ಹತ್ತಿರ. ಒಂದೇ ಕಡೆಯಿಂದ ನಿರ್ವಹಿಸುವುದು ಅಂದರೆ ಇನ್ನೆಂತ?

ಹೇಳಿದರೆ ನಂಬಲಿಕ್ಕಿಲ್ಲ, ಇದಕ್ಕೆ ಅಟೆಂಡರ್ ಒಂದು ಹೆಜ್ಜೆಯೂ ನಡೆಯಬೇಕಾಗಿರಲಿಲ್ಲ. ಆ ಕಚೇರಿಯಲ್ಲಿ ವಿಂಡೋಸ್ ಸರ್ವರ್ ಒಂದು ಮೊದಲೇ ಇತ್ತು. ಅದರ ಮೇಲೆ ಯಾರದೋ ಟಿಫಿನ್ ಬಾಕ್ಸ್ ಇಡುತ್ತಿದ್ದರು. ಅದನ್ನು ಡೊಮೇನ್ ಕಂಟ್ರೋಲರ್, ಅಂದರೆ ಕಚೇರಿಯ ಕಂಪ್ಯೂಟರ್‌ಗಳಿಗೆಲ್ಲ ಯಜಮಾನ, ಮಾಡಿದರೆ ಗ್ರೂಪ್ ಪಾಲಿಸಿ ಎಂಬ ಸೌಕರ್ಯ ಸಿಗುತ್ತದೆ. ಬೇರೆ ದುಡ್ಡು ಕೊಡುವುದು ಬೇಡ. ಅಲ್ಲಿ ಒಮ್ಮೆ ಬರೆದರೆ ಆಯಿತು. ಫೈರ್‌ವಾಲ್ ಆನ್ ಇರಲಿ, ಕೇಳದೆ ಒಳಗೆ ಬರುವ ಸಂಪರ್ಕ ಬಂದ್, ಇಂಥ ಕೆಲಸಕ್ಕೆ ಇಂಥ ಪೋರ್ಟ್ (ಸಂಪರ್ಕದ ಬಾಗಿಲು) ಮಾತ್ರ ತೆರೆದಿರಲಿ. ಡೊಮೇನಿಗೆ ಸೇರಿದ ಪ್ರತಿ ಕಂಪ್ಯೂಟರ್ 90 ನಿಮಿಷಕ್ಕೊಮ್ಮೆ ತಾನೇ ಹೋಗಿ ಸರ್ವರನ್ನು ಕೇಳುತ್ತದೆ, ಹೊಸ ಆದೇಶ ಉಂಟಾ ಅಂತ. ಎಲ್ಲವೂ ಒಂದೇ ಹೊತ್ತಿಗೆ ನುಗ್ಗಬಾರದು ಅಂತ ಆ 90ಕ್ಕೆ 30 ನಿಮಿಷದ ಒಳಗೆ ಎಷ್ಟಾದರೂ ಸೇರಿಸಿಕೊಂಡು ಹೋಗುತ್ತದೆ. ಈ ಸಭ್ಯತೆ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣ ನೋಡಿ ಕಲಿತದ್ದಂತೂ ಅಲ್ಲ.

ಪ್ರಿಂಟರ್ ಗತಿ ಎಂತ ಅಂತ ಕೇಳುತ್ತೀರಿ, ಗೊತ್ತು. ನೆಟ್‌ವರ್ಕಿಗೆ ನೇರ ಸಿಕ್ಕಿಸಿದ ಪ್ರಿಂಟರಿಗೆ ಫೈರ್‌ವಾಲ್‌ನಿಂದ ಸಾಮಾನ್ಯವಾಗಿ ತೊಂದರೆಯೇ ಇಲ್ಲ. ನಮ್ಮ ಕಂಪ್ಯೂಟರಿನಿಂದ ಹೊರಗೆ ಹೋಗುವುದನ್ನು ಅದು ಸುಮ್ನೆ ತಡೆಯುವುದಿಲ್ಲ. ಒಬ್ಬರ ಕಂಪ್ಯೂಟರಿಗೆ ಸಿಕ್ಕಿಸಿ ಎಲ್ಲರೂ ಬಳಸುವ ಪ್ರಿಂಟರ್ ಆದರೆ, ಆ ಒಂದು ಕಂಪ್ಯೂಟರಿನಲ್ಲಿ ಫೈಲ್ ಮತ್ತು ಪ್ರಿಂಟರ್ ಶೇರಿಂಗ್ ಎಂಬ ನಿಯಮ ತೆರೆದರೆ ಮುಗಿಯಿತು. ಅದು ವಿಂಡೋಸ್‌ನಲ್ಲಿ ಸಿದ್ಧವಾಗಿಯೇ ಇರುತ್ತದೆ. ಕಚೇರಿಯ ಒಳಗಿನ ವಿಳಾಸಗಳಿಗೆ ಮಾತ್ರ ತೆರೆಯಲಿಕ್ಕೂ ಬರುತ್ತದೆ. ಪ್ರಿಂಟೂ ಬರುತ್ತದೆ, ಫೈರ್‌ವಾಲೂ ಇರುತ್ತದೆ. ಇಷ್ಟನ್ನು ಹೇಳಿದ ಸಿಸ್ಟಮ್ ಹುಡುಗನನ್ನು ಕಚೇರಿಯಲ್ಲಿ ಎಲ್ಲರೂ ಒಂದು ಥರ ನೋಡಿದರು.

ಹುಡುಗ ಹೊರಗುತ್ತಿಗೆಯವ. ಸಂಬಳ ಯಾವಾಗ ಬರುತ್ತದೆ ಎಂದು ಅವನಿಗೇ ಗೊತ್ತಿಲ್ಲ. ಆದರೂ ಕೆಲಸಕ್ಕೆ ಇಳಿದ. ಮೊದಲ ಎಡವಟ್ಟು ಅಲ್ಲೇ ಆಯಿತು. ಕಂಪ್ಯೂಟರ್ ಖರೀದಿಗೆ ಮೂರು ಕೊಟೇಶನ್ ಕರೆದಿದ್ದರು, ಕಡಿಮೆಗೆ ಕೊಟ್ಟವರಿಗೆ ಆರ್ಡರ್ ಆಗಿತ್ತು. ಕಡಿಮೆ ಆದದ್ದು ಹೇಗೆ ಅಂತ ಆಗ ಯಾರೂ ನೋಡಲಿಲ್ಲ. ಎಲ್ಲದರಲ್ಲೂ ವಿಂಡೋಸ್ ಹೋಮ್. ಹೋಮ್ ಎಡಿಷನ್ ಡೊಮೇನಿಗೆ ಸೇರುವುದೇ ಇಲ್ಲ.

‘ಸರ್, ಇದು ಮನೆಯಲ್ಲಿ ಬಳಸುವುದು. ಸರ್ವರಿಗೆ ಸೇರುವುದಿಲ್ಲ. ಪ್ರೊ ಬೇಕಾಗ್ತದೆ.’

‘ಮನೆಯದ್ದಾದರೆ ಎಂತ ಮಾರಾಯ? ಇಲ್ಲಿ ನಾವೆಲ್ಲ ಒಂದೇ ಮನೆಯವರ ಹಾಗೆ ಇರುವುದಲ್ವಾ?’

ಪ್ರೊ ಖರೀದಿಯ ಫೈಲ್ ಮೇಲೆ ಹೋಯಿತು. ‘ಹಾಲಿ ವಿಂಡೋಸ್ ಸುಸ್ಥಿತಿಯಲ್ಲಿರುವಾಗ ಮತ್ತೊಂದು ವಿಂಡೋಸ್‌ನ ಅಗತ್ಯವೇನು? ಸ್ಪಷ್ಟೀಕರಿಸಿ’ ಎಂಬ ಷರಾದೊಂದಿಗೆ ಕೆಳಗೆ ಬಂತು. ಸ್ಪಷ್ಟೀಕರಣ ಮೇಲೆ ಹೋಯಿತು. ಕಿಟಕಿಗೆ ಸಂಬಂಧಿಸಿದ್ದು ಎಂದು ತಿಳಿದು ಯಾರೋ ಅದನ್ನು ಕಟ್ಟಡ ವಿಭಾಗಕ್ಕೆ ಕಳಿಸಿದರು. ಅಲ್ಲಿಂದ ಅಳತೆ ಕೇಳಿ ಪತ್ರ ಬಂತು. ಮಾರ್ಚ್ ಕೊನೆಗೆ ಅನುದಾನ ಉಳಿದು, ಖರ್ಚು ಮಾಡದಿದ್ದರೆ ವಾಪಸ್ ಹೋಗುತ್ತದೆ ಅಂತ ಗೊತ್ತಾದಾಗ ಮಾತ್ರ ಎಲ್ಲರಿಗೂ ಪ್ರೊ ತುರ್ತಾಗಿ ಬೇಕೆನಿಸಿತು.

ಒಂದೇ ಹೆಡ್ಡಾಫೀಸು, ಊರೆಲ್ಲ ಶಾಖೆ, ಎಲ್ಲ ಕಡೆ ಒಂದೇ ಲೆಕ್ಕದ ಕ್ರಮ, ಇದೆಲ್ಲ ಈ ಕರಾವಳಿಗೆ ಹೊಸದಲ್ಲ. 1906ರ ಒಂದೇ ವರ್ಷದಲ್ಲಿ ಉಡುಪಿಯಲ್ಲಿ ಕಾರ್ಪೊರೇಶನ್ ಬ್ಯಾಂಕ್, ಮಂಗಳೂರಿನಲ್ಲಿ ಕೆನರಾ ಬ್ಯಾಂಕ್ ಹುಟ್ಟಿಸಿದ ನೆಲ ಇದು. ಆಗ ಕಂಪ್ಯೂಟರ್ ಇರಲಿಲ್ಲ, ಹಾಗಾಗಿ ಸುಲಭ ಆಗಿರಬೇಕು.

ಅಂತೂ ಹುಡುಗ ಪಾಲಿಸಿ ಹಾಕಿದ. ಸೋಮವಾರ ಎಲ್ಲರೂ ಬಂದು ಕೂತರು. ಏನೂ ಆಗಲಿಲ್ಲ. ಪ್ರಿಂಟ್ ಬಂತು, ಟ್ಯಾಲಿ ತೆರೆಯಿತು, ಸ್ಕ್ಯಾನ್ ಹೋಗಿ ಬೀಳಬೇಕಾದಲ್ಲಿ ಬಿತ್ತು. ಹನ್ನೊಂದೂವರೆಗೆ ಚಹಾ ಕುಡಿದು ಬಂದ ಯಾರೋ ಅಭ್ಯಾಸಬಲದಿಂದ ಫೈರ್‌ವಾಲ್ ಆಫ್ ಮಾಡಲು ಹೋದರು. ಬಟನ್ ಮಂಕಾಗಿತ್ತು. ಒತ್ತಿದರೆ ಅಲ್ಲಾಡುವುದಿಲ್ಲ. ಈ ಸೆಟ್ಟಿಂಗ್ ನಿಮ್ಮ ಅಡ್ಮಿನಿಸ್ಟ್ರೇಟರ್ ಕೈಯಲ್ಲಿದೆ ಎಂಬ ಅರ್ಥದ ಒಂದು ಸಾಲು ಮೇಲೆ. ಸುದ್ದಿ ಊಟದ ಹೊತ್ತಿಗೆ ಮೂರೂ ಮಾಳಿಗೆಗೆ ಹಬ್ಬಿತು. ಯಾರು ಈ ಅಡ್ಮಿನಿಸ್ಟ್ರೇಟರ್? ಹೊರಗುತ್ತಿಗೆಯವನಾ? ನನ್ನ ಮೇಜಿನ ಕಂಪ್ಯೂಟರಿಗೆ?

ಅಲ್ಲಿಂದ ಶುರುವಾಯಿತು ನೋಡಿ ವಿನಾಯಿತಿಯ ಜಾತ್ರೆ.

ಸರ್ವರಿನಲ್ಲಿ ಕಂಪ್ಯೂಟರ್‌ಗಳನ್ನು ಗುಂಪು ಗುಂಪಾಗಿ ಇಟ್ಟು, ಗುಂಪಿಗೊಂದು ಪಾಲಿಸಿ ಹಾಕಬಹುದು. ಹುಡುಗ ಒಂದು ಮೂಲೆಯಲ್ಲಿ ‘ವಿನಾಯಿತಿ’ ಎಂಬ ಗುಂಪು ಮಾಡಿದ್ದ, ಯಾವುದಾದರೂ ಹಳೇ ಮೆಷಿನ್‌ಗೆ ಬೇಕಾದೀತು ಅಂತ. ಮೊದಲು ಬಂದವರು ಸಾಹೇಬರು. ‘ಪಾಲಿಸಿ ಒಳ್ಳೆದುಂಟು. ಎಲ್ಲರಿಗೂ ಕಡ್ಡಾಯ ಹಾಕು. ನನ್ನದೊಂದು ಬಿಡು.’ ಕ್ಯಾಶಿಯರ್ ಹೇಳಿದರು, ‘ಸಾಹೇಬರದ್ದರಲ್ಲಿ ಇರುವುದು ಬರೀ ಕಾಗದ. ನನ್ನದರಲ್ಲಿ ದುಡ್ಡು ಇರುವುದು. ಬಿಡುವುದಾದರೆ ಮೊದಲು ನನ್ನದು ಬಿಡಬೇಕು.’ ಟೈಪಿಸ್ಟ್ ಮೇಡಂಗೆ ಕನ್ನಡ ಟೈಪಿಂಗಿನ ನುಡಿ ತಂತ್ರಾಂಶ ಹೊಸದಾಗಿ ಹಾಕಬೇಕಿತ್ತು. ಅದಕ್ಕೆ ಬೇಕಾದದ್ದು ಅಡ್ಮಿನ್ ಹಕ್ಕು, ಫೈರ್‌ವಾಲ್‌ಗೂ ಅದಕ್ಕೂ ಸಂಬಂಧ ಇಲ್ಲ. ಇದನ್ನು ವಿವರಿಸುವುದಕ್ಕಿಂತ ವಿನಾಯಿತಿ ಕೊಡುವುದು ಬೇಗ ಆಗುತ್ತದೆ ಅಂತ ಹುಡುಗನಿಗೆ ಅಷ್ಟರಲ್ಲಿ ಅರ್ಥವಾಗಿತ್ತು.

ಆಮೇಲೆ ಎರಡನೇ ದರ್ಜೆಯವರೊಬ್ಬರಿಗೆ ಸಿಕ್ಕ ವಿನಾಯಿತಿ ಮೊದಲನೇ ದರ್ಜೆಯವರಿಗೆ ಸಿಗಲಿಲ್ಲ ಎಂದು ಮನವಿ ಬಂತು. ಸೇವಾ ಹಿರಿತನದ ಪ್ರಕಾರವೇ ಫೈರ್‌ವಾಲ್ ತೆಗೆಯಬೇಕು ಎಂದು ಮೀಟಿಂಗಿನಲ್ಲಿ ತೀರ್ಮಾನವಾಯಿತು. ಜ್ಯೇಷ್ಠತಾ ಪಟ್ಟಿ ಪ್ರಕಟವಾಯಿತು, ಆಕ್ಷೇಪಣೆಗೆ 15 ದಿನ ಕಾಲಾವಕಾಶ ಕೊಟ್ಟರು. ವಿಂಡೋಸ್ ಫೈರ್‌ವಾಲ್‌ನಲ್ಲಿ ಒಂದೇ ಸಂಪರ್ಕಕ್ಕೆ ಒಂದು ನಿಯಮ ‘ತಡೆ’ ಎಂದು, ಇನ್ನೊಂದು ‘ಬಿಡು’ ಎಂದು ಹೇಳಿದರೆ, ತಡೆಯೇ ಗೆಲ್ಲುತ್ತದೆ. ನಮ್ಮ ಕಚೇರಿಗಳಲ್ಲಿ ಫೋನ್ ಗೆಲ್ಲುತ್ತದೆ.

ಕೊನೆಗೆ ಪಾಲಿಸಿಯ ಕೆಳಗೆ ಉಳಿದದ್ದು ಒಂದೇ ಕಂಪ್ಯೂಟರ್. ಕೆಳಗಿನ ಹಾಲ್‌ನಲ್ಲಿ ಟೋಕನ್ ನಂಬರ್ ತೋರಿಸುವ ಟಿವಿಯ ಹಿಂದೆ ಇರುವುದು. ಅದಕ್ಕೆ ಕೂರುವವರಿಲ್ಲ, ಹಾಗಾಗಿ ಅರ್ಜಿ ಬರೆಯುವವರೂ ಇಲ್ಲ. ಕರಾವಳಿಯಲ್ಲೇ ಅತಿ ಭದ್ರವಾದ ಟೋಕನ್ ನಂಬರ್ ಇವತ್ತು ಅಲ್ಲಿ ಓಡುತ್ತಿದೆ. ವಾರ್ಷಿಕ ವರದಿಯಲ್ಲಿ ‘ಫೈರ್‌ವಾಲ್ ನೀತಿಯು ಸರ್ವರ್ ಮೂಲಕ ಜಾರಿಯಲ್ಲಿದೆ’ ಎಂದು ಬರೆದರು. ಸುಳ್ಳು ಅಂತ ಹೇಗೆ ಹೇಳುವುದು?

ಲಾಗ್, ಅಂದರೆ ಯಾರು ಬಂದರು, ಯಾರನ್ನು ತಡೆದದ್ದು ಎಂದು ಕಂಪ್ಯೂಟರ್ ಬರೆದಿಡುವ ದಾಖಲೆ, ಅದರ ವಿಚಾರಕ್ಕೆ ಬಂದರೆ ಇನ್ನೂ ಮಜಾ ಉಂಟು. ಸೈಬರ್ ಭದ್ರತೆ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್ 28ರಂದು ಒಂದು ನಿರ್ದೇಶನ ಹೊರಡಿಸಿದೆ. ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕು, ಸೈಬರ್ ಘಟನೆ ಗೊತ್ತಾದ 6 ಗಂಟೆಯೊಳಗೆ ತಿಳಿಸಬೇಕು. ವಿಂಡೋಸ್ ಫೈರ್‌ವಾಲ್ ನಾವು ಹೇಳದೆ ಲಾಗ್ ಬರೆಯುವುದೇ ಇಲ್ಲ. ಬರೆ ಅಂದರೂ ಫೈಲಿನ ಮಿತಿ ಮೊದಲಿಗೆ 4,096 ಕೆಬಿ. ಅಂದರೆ ಮೊಬೈಲ್‌ನಲ್ಲಿ ತೆಗೆದ ಒಂದು ಫೋಟೊದಷ್ಟು ಜಾಗ. ಇದನ್ನೂ ಗ್ರೂಪ್ ಪಾಲಿಸಿಯಲ್ಲಿ ಒಂದೇ ಕಡೆ ಹೆಚ್ಚಿಸಬಹುದು. ಇನ್ನು 6 ಗಂಟೆ. ಆ ಕಚೇರಿಯಲ್ಲಿ ಒಂದು ಕಾಗದ ಟಪಾಲು ವಿಭಾಗದಿಂದ ಪಕ್ಕದ ಕೋಣೆಗೆ ಹೋಗಲು ಎಷ್ಟು ದಿನ ಬೇಕು ಅಂತ ಅಲ್ಲಿಗೆ ಅಲೆದವರನ್ನು ಕೇಳಿ.

ಹಾಗಂತ ಒಂದೇ ಕಡೆಯಿಂದ ಎಲ್ಲ ಕಂಪ್ಯೂಟರ್ ಕಾಪಾಡುವ ಕಲೆ ನಮಗೆ ಬರುವುದಿಲ್ಲ ಅಂತ ಅಲ್ಲ. ಏಪ್ರಿಲ್-ಮೇ ತಿಂಗಳ ಸಂಜೆ, ಅಕ್ಟೋಬರ್‌ನ ಮಧ್ಯಾಹ್ನ, ಘಟ್ಟದ ಕಡೆ ಒಮ್ಮೆ ಗುಡುಗಿದರೆ ಸಾಕು. ಸಾಹೇಬರಿಂದ ಹಿಡಿದು ವಾಚ್‌ಮನ್‌ವರೆಗೆ ಎಲ್ಲರ ಬಾಯಲ್ಲೂ ಒಂದೇ ಮಾತು, ‘ವೈರ್ ತೆಗಿ! ವೈರ್ ತೆಗಿ!’ ಅಟೆಂಡರ್ ಓಡುತ್ತಾರೆ. ಮೆಟ್ಟಿಲ ಕೆಳಗಿನ ಪೆಟ್ಟಿಗೆಯಲ್ಲಿ ಮೋಡೆಮ್ ವೈರ್, ಸ್ವಿಚ್‌ನ ಪ್ಲಗ್ ಎರಡನ್ನೂ ಎಳೆಯುತ್ತಾರೆ. ಮೂರು ಮಾಳಿಗೆಯ ಕಂಪ್ಯೂಟರ್‌ಗಳೆಲ್ಲ ಒಂದೇ ಏಟಿಗೆ ಜಗತ್ತಿನಿಂದ ದೂರ. ಒಳಗೆ ಬರುವುದೂ ಬಂದ್, ಹೊರಗೆ ಹೋಗುವುದೂ ಬಂದ್. 90 ನಿಮಿಷ ಕಾಯುವುದು ಬೇಡ. ಯಾರಿಗೂ ವಿನಾಯಿತಿ ಇಲ್ಲ, ಸಾಹೇಬರಿಗೂ ಇಲ್ಲ, ಯಾರೂ ಮನವಿ ಕೊಡುವುದೂ ಇಲ್ಲ. ಸಿಡಿಲಿಗೆ ಇರುವ ಮರ್ಯಾದೆ ಸರ್ವರಿಗೆ ಇದ್ದಿದ್ದರೆ ಹುಡುಗ ಎಂದೋ ಗೆದ್ದಿರುತ್ತಿದ್ದ.

ಇಷ್ಟಾದ ಮೇಲೆ ಆಡಳಿತಕ್ಕೆ ಜ್ಞಾನೋದಯವಾಯಿತು. ತಂತ್ರಾಂಶದಿಂದ ಕೆಲಸ ಆಗುವುದಿಲ್ಲ, ಪೆಟ್ಟಿಗೆಯೇ ಬೇಕು. ಹಾರ್ಡ್‌ವೇರ್ ಫೈರ್‌ವಾಲ್! ಕಣ್ಣಿಗೆ ಕಾಣುತ್ತದೆ, ಬಿಲ್ ಇರುತ್ತದೆ, ಸ್ಟಾಕ್ ಬುಕ್ಕಿನಲ್ಲಿ ಬರೆಯಬಹುದು. ಹುಡುಗ ಕೊನೆಯ ಬಾರಿ ಬಾಯಿ ಬಿಟ್ಟ. ‘ಸರ್, ಅದೂ ಬೇಕು, ಒಳ್ಳೆದೇ. ಆದರೆ ಅದು ಕಾಂಪೌಂಡಿನ ಗೇಟು ಮಾತ್ರ. ಒಳಗೆ ಒಂದು ಕೋಣೆಗೆ ಕಳ್ಳ ಹೊಕ್ಕರೆ ಉಳಿದ ಕೋಣೆಗಳ ಬಾಗಿಲು ತೆರೆದೇ ಉಂಟಲ್ಲ?’ 2017ರ ಮೇ 12ರಂದು ವನ್ನಾಕ್ರೈ ಎಂಬ ಹುಳ ಹಬ್ಬಿದ್ದು ಹಾಗೆಯೇ ಅಂತಲೂ ಹೇಳಿದ. ಒಂದು ಕಂಪ್ಯೂಟರಿಗೆ ಹೊಕ್ಕಿತು, 445 ಎಂಬ ಪೋರ್ಟ್ ತೆರೆದಿದ್ದ ಪಕ್ಕದ ಕಂಪ್ಯೂಟರ್‌ಗಳಿಗೆ ಒಳಗಿನಿಂದಲೇ ದಾಟಿತು. ಅದನ್ನು ತಡೆಯುವ ವಿಂಡೋಸ್ ತೇಪೆ (ಅಪ್‌ಡೇಟ್) ಎರಡು ತಿಂಗಳ ಮೊದಲೇ, ಮಾರ್ಚ್‌ನಲ್ಲೇ ಬಂದಿತ್ತು, ಹಾಕಿಕೊಂಡವರು ಕಡಿಮೆ.

‘ನಮ್ಮಲ್ಲಿ ಕಳ್ಳರಿಲ್ಲ’ ಎಂದರು ಸಾಹೇಬರು.

ಪೆಟ್ಟಿಗೆ ಬಂತು. ಅದನ್ನು ಸ್ವಂತ ಕಪಾಟಿನಲ್ಲಿ ಇಟ್ಟರು. ಆಯುಧ ಪೂಜೆಗೆ ಗಂಧ, ಕುಂಕುಮ ಹಚ್ಚಿ, ಸೇವಂತಿಗೆ ಮಾಲೆ ಹಾಕಿ, ಗಾಳಿ ಹೋಗುವ ತೂತುಗಳಿಗೆ ಊದುಬತ್ತಿ ಸಿಕ್ಕಿಸಿದರು. ಅದರ ಮರುವಾರ ತಪಾಸಣೆಯವರು ಮತ್ತೆ ಬಂದರು. ಗೋಳಿಬಜೆ ಆಯಿತು, ಚಹಾ ಆಯಿತು.

‘ಫೈರ್‌ವಾಲ್ ವ್ಯವಸ್ಥೆ ಆಗಿದೆಯಾ?’

‘ಆಗಿದೆ ಸರ್. ಅದೇ ನೋಡಿ, ಮಾಲೆ ಹಾಕಿದ್ದು.’

‘ಲೈಟ್ ಉರಿಯುವುದಿಲ್ಲವಲ್ಲ?’

‘ಗುಡುಗುವ ಹಾಗೆ ಉಂಟು ಸರ್. ವೈರ್ ತೆಗೆದಿಟ್ಟಿದ್ದೇವೆ.’

ತಪಾಸಣೆಯವರು ಫಾರ್ಮ್ ತೆಗೆದು ‘ಇದೆ’ ಎಂಬಲ್ಲಿ ಟಿಕ್ ಹಾಕಿದರು.