ರೈಲು 3 ಗಂಟೆ ತಡವಾದರೆ ದುಡ್ಡು ತಾನಾಗಿಯೇ ಬರುತ್ತಾ? ಬರಲ್ಲ

ಹುಬ್ಬಳ್ಳಿ-ಧಾರವಾಡದ ವಾಟ್ಸಾಪ್ ಗ್ರೂಪುಗಳಲ್ಲಿ ಒಂದು ಮೆಸೇಜ್ ಸುತ್ತುತ್ತಿದೆ: ಪುಣೆ ರೈಲು 3 ಗಂಟೆ ತಡವಾದರೆ ಟಿಕೆಟ್ ದುಡ್ಡು ತಾನಾಗಿಯೇ ಖಾತೆಗೆ ಬೀಳುತ್ತದಂತೆ, ಆದರೆ ಮಹಾರಾಷ್ಟ್ರದೊಳಗೆ ತಡವಾದರೆ ಇಲ್ಲವಂತೆ. ಎರಡೂ ತಪ್ಪು.

ದುಡ್ಡು ಸಿಗುತ್ತದೆ, ಆದರೆ ನಾವೇ ಕೇಳಬೇಕು. ನೀವು ಹತ್ತುವ ಸ್ಟೇಷನ್ನಿನಲ್ಲಿ ರೈಲು 3 ಗಂಟೆಗಿಂತ ಜಾಸ್ತಿ ತಡವಾಗಿ, ನೀವು ಪ್ರಯಾಣವನ್ನೇ ಬಿಟ್ಟರೆ ಪೂರ್ತಿ ಹಣ ವಾಪಸ್. ಆನ್‌ಲೈನ್ ಟಿಕೆಟ್ ಇದ್ದರೆ ರೈಲ್ವೆಯ ಟಿಕೆಟ್ ತಾಣ ಐಆರ್‌ಸಿಟಿಸಿಯಲ್ಲಿ ಟಿಡಿಆರ್ (ಹಣ ವಾಪಸ್ ಕೇಳುವ ಅರ್ಜಿ) ಹಾಕಬೇಕು, ಅದೂ ರೈಲು ನಿಮ್ಮ ಸ್ಟೇಷನ್ ಬಿಡುವ ಮೊದಲು; ಕೌಂಟರಿನಲ್ಲಿ ತೆಗೆಸಿದ ಟಿಕೆಟ್ ಆದರೆ ಅಷ್ಟರೊಳಗೆ ಕೌಂಟರಿಗೇ ಮರಳಿಸಬೇಕು. ನಾನೂ ಆ ಮೆಸೇಜ್ ನಂಬಿ, ಅಕ್ಕನಿಗೆಂದು ತಂದ ಪೇಢೆ ಡಬ್ಬಿ ಹಿಡಿದುಕೊಂಡು ಸುಮ್ನೆ ಮನೆಗೆ ಬಂದೆ. ದುಡ್ಡೂ ಹೋಯಿತು, ಪೇಢೆ ನಾವೇ ತಿಂದೆವು.

ಇನ್ನು ಗಡಿ ಮಾತು. ರಾಜ್ಯದ ಗಡಿ ಬೇರೆ, ರೈಲ್ವೆ ವಲಯದ ಗಡಿ ಬೇರೆ. ಹುಬ್ಬಳ್ಳಿ ನೈಋತ್ಯ ರೈಲ್ವೆ ವಲಯದ ಕೇಂದ್ರ ಕಚೇರಿ. ಪುಣೆ ದಾರಿಯಲ್ಲಿ ಸಿಗುವ ಮಹಾರಾಷ್ಟ್ರದ ಮೀರಜ್ ಸ್ಟೇಷನ್ ಮಧ್ಯ ರೈಲ್ವೆ ವಲಯದ್ದು. ಯಾವ ವಲಯದಲ್ಲಿ ನಿಂತು ತಡವಾಯಿತು ಅಂತ ಯಾರೂ ನೋಡಲ್ಲ, ಹಣ ವಾಪಸ್ ನಿಯಮ ದೇಶಕ್ಕೆಲ್ಲ ಒಂದೇ. ಪುಣೆಯಲ್ಲಿ ಹತ್ತುವವರಿಗೂ ಇದೇ ಲೆಕ್ಕ.

ಆದರೆ ಧಾರವಾಡದಲ್ಲಿ ಸರಿಯಾದ ಟೈಮಿಗೆ ಹತ್ತಿ, ದಾರಿಯಲ್ಲಿ ನಿಂತೂ ನಿಂತೂ ಪುಣೆಗೆ 4 ಗಂಟೆ ತಡವಾಗಿ ಮುಟ್ಟಿದರೆ? ಈ ನಿಯಮದಲ್ಲಿ ಒಂದು ರೂಪಾಯಿಯೂ ಇಲ್ಲ. ಸಿಟ್ಟು ಬರುವುದು ಇಲ್ಲೇ ಅಲ್ವಾ?